ಯಾರನ್ನು ಕೇಳಬೇಕು? ಧರ್ಮ, ಜನಾಂಗ, ರಾಜಕೀಯದ ವರದಿಗೆ ತಜ್ಞರ ಹುಡುಕಾಟ

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ. ಬರೆದವರು ಬೇರೆಬೇರೆಯವರಾದರೂ ಎಲ್ಲರ ಕಳವಳ ಒಂದೇ: ಧರ್ಮ, ಜನಾಂಗ ಮತ್ತು ರಾಜಕೀಯ ಒಂದಕ್ಕೊಂದು ಹೆಣೆದುಕೊಂಡಿರುವ ಸುದ್ದಿಯನ್ನು ಬರೆಯುವಾಗ ಯಾರನ್ನು ಕೇಳಬೇಕು, ಮತ್ತು ಕೇಳಿದವರ ಮಾತನ್ನು ಎಷ್ಟರ ಮಟ್ಟಿಗೆ ನೆಚ್ಚಿಕೊಳ್ಳಬೇಕು ಎಂಬುದು. ಪತ್ರ ಬರೆದವರ ಹೆಸರುಗಳನ್ನು ಇಲ್ಲಿ ಕೊಟ್ಟಿಲ್ಲ.

ಪ್ರಶ್ನೆ: ನಾನು ಪತ್ರಿಕೋದ್ಯಮದ ವಿದ್ಯಾರ್ಥಿನಿ. ಪ್ರಾರ್ಥನಾ ಮಂದಿರವೊಂದರ ಮೇಲೆ ನಡೆದ ದಾಳಿಯ ಬಗ್ಗೆ ವಿಶ್ಲೇಷಣಾ ವರದಿ ಬರೆಯುವ ಅಭ್ಯಾಸವನ್ನು ತರಗತಿಯಲ್ಲಿ ಕೊಟ್ಟಿದ್ದಾರೆ. ‘ಧರ್ಮ ತಜ್ಞರು’ ಎಂದು ಹುಡುಕಿದರೆ ನೂರಾರು ಹೆಸರುಗಳು ಬರುತ್ತವೆ. ಯಾರಿಗೆ ಫೋನ್ ಮಾಡಬೇಕೆಂದು ತಿಳಿಯದೆ ಎರಡು ದಿನ ಕಳೆದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹೆಸರುಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ‘ಧರ್ಮ ತಜ್ಞ’ ಎಂಬ ಒಬ್ಬ ಮನುಷ್ಯ ಎಲ್ಲಿಯೂ ಇಲ್ಲ. ಹಳೆಯ ಹಸ್ತಪ್ರತಿಗಳನ್ನು ಓದುವುದರಲ್ಲಿ ಆಯುಷ್ಯ ಕಳೆದವರಿದ್ದಾರೆ, ಒಂದೇ ದರ್ಗಾದ ಆವರಣದಲ್ಲಿ ವರ್ಷಗಟ್ಟಲೆ ಕುಳಿತು ಬಂದುಹೋಗುವವರ ಮಾತು ಕೇಳಿದವರಿದ್ದಾರೆ, ಚರ್ಚಿಗೆ ಹೋಗುವವರ ಸಂಖ್ಯೆ ಏಕೆ ಇಳಿಯುತ್ತಿದೆ ಎಂದು ಸಮೀಕ್ಷೆಗಳ ಮೂಲಕ ನೋಡುವವರಿದ್ದಾರೆ. ಇವರಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಲು ಹೋದಾಗಲೇ ವರದಿ ಕೆಡುತ್ತದೆ. ಪ್ರಶ್ನೆ ಕಿರಿದಾದಷ್ಟೂ ಅದಕ್ಕೆ ಉತ್ತರಿಸಬಲ್ಲವರ ಸಂಖ್ಯೆ ಕಡಿಮೆಯಾಗುತ್ತದೆ, ಮತ್ತು ಆ ಕೆಲವರೇ ನಿಮಗೆ ಬೇಕಾದವರು.

ನಿಜವಾಗಿ ನಡೆದ ಒಂದು ದಾಳಿಯನ್ನೇ ತೆಗೆದುಕೊಳ್ಳೋಣ. 2012ರ ಆಗಸ್ಟ್ 5ರ ಭಾನುವಾರ ಬೆಳಿಗ್ಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓಕ್ ಕ್ರೀಕ್‌ನಲ್ಲಿರುವ ಗುರುದ್ವಾರಕ್ಕೆ ಬಂದೂಕುಧಾರಿಯೊಬ್ಬ ನುಗ್ಗಿ ಆರು ಮಂದಿಯನ್ನು ಕೊಂದ. ಸಿಖ್ಖರನ್ನು ಮುಸ್ಲಿಮರೆಂದು ತಪ್ಪಾಗಿ ತಿಳಿದು ಕೊಂದಿರಬಹುದು ಎಂಬ ಮಾತು ಆಗ ವ್ಯಾಪಕವಾಗಿ ಕೇಳಿಬಂತು. ಕೊಂದವನ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ತಿಳಿದಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ‘ತಪ್ಪಾಗಿ ತಿಳಿದು’ ಎಂಬ ಮಾತಿನ ಹಿಂದೆ ಸರಿಯಾಗಿ ತಿಳಿದಿದ್ದರೆ ಆ ಕೊಲೆಗೆ ಅರ್ಥವಿರುತ್ತಿತ್ತು ಎಂಬ ಕೆಟ್ಟ ಧ್ವನಿಯಿದೆ. ಈ ಧ್ವನಿಯನ್ನು ಮೊದಲು ಗುರುತಿಸಬಲ್ಲವರು ಆ ಸಮುದಾಯದವರೇ. ಭಾನುವಾರ ಬೆಳಿಗ್ಗೆ ಗುರುದ್ವಾರದಲ್ಲಿ ಏನು ನಡೆಯುತ್ತಿರುತ್ತದೆ, ಎಲ್ಲರಿಗೂ ಉಚಿತವಾಗಿ ಊಟ ಬಡಿಸುವ ‘ಲಂಗರ್’ನ ಅಡುಗೆಮನೆಯಲ್ಲಿ ಆ ಹೊತ್ತಿಗೆ ಯಾರು ಇರುತ್ತಾರೆ, ಪೇಟ ಎಂದರೆ ಅವರಿಗೆ ಏನು ಎಂಬುದನ್ನು ಹೇಳಬೇಕಾದವರೂ ಅವರೇ, ಮತ್ತು ಅವರ ಧರ್ಮಗ್ರಂಥವನ್ನು ಅದರ ಭಾಷೆಯಲ್ಲೇ ಓದಬಲ್ಲ ವಿದ್ವಾಂಸರು.

ಆದರೆ ಕೊಂದವನು ಯಾರು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲು ಸಾಧ್ಯವಿಲ್ಲ. ಆತ ಬಿಳಿಯರ ಶ್ರೇಷ್ಠತೆಯನ್ನು ಸಾರುವ ರಾಕ್ ಸಂಗೀತ ತಂಡಗಳಲ್ಲಿ ಹಾಡುತ್ತಿದ್ದವನು. ಪೀಟ್ ಸೀಮಿ ಎಂಬ ಅಪರಾಧಶಾಸ್ತ್ರಜ್ಞರು ಅದಕ್ಕೆ ಸುಮಾರು ಹತ್ತು ವರ್ಷ ಮೊದಲು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಇಂಥ ಗುಂಪುಗಳ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ ಅವನನ್ನು ಮುಖಾಮುಖಿ ಭೇಟಿಯಾಗಿ ಮಾತನಾಡಿಸಿದ್ದರು. ದಾಳಿಯ ನಂತರ ವರದಿಗಾರರಿಗೆ ಆತ ಆ ದ್ವೇಷಕ್ಕೆ ಹೇಗೆ ಒಳಗಾದ ಎಂಬುದನ್ನು ನೋಡಿದ ಅನುಭವದಿಂದ ಹೇಳಲು ಅವರಿಗೆ ಸಾಧ್ಯವಾಯಿತು. ‘ಧರ್ಮ ತಜ್ಞರು’ ಎಂದು ಹುಡುಕಿದ್ದರೆ ಅವರ ಹೆಸರು ಬರುತ್ತಲೇ ಇರಲಿಲ್ಲ. ಇನ್ನು ಮೂರನೆಯ ಪ್ರಶ್ನೆ, ಸಿಖ್ಖರ ಮೇಲೆ ಇಂಥ ದಾಳಿಗಳು ವರ್ಷಕ್ಕೆ ಎಷ್ಟು ನಡೆಯುತ್ತವೆ ಎಂಬುದು. ಅದಕ್ಕೆ ಸರ್ಕಾರಿ ಅಂಕಿ ಆಗ ಇರಲೇ ಇಲ್ಲ, ಏಕೆಂದರೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ದ್ವೇಷಾಪರಾಧಗಳನ್ನು ದಾಖಲಿಸುವಾಗ ಸಿಖ್ಖರ ವಿರುದ್ಧದ ಅಪರಾಧವನ್ನು ಪ್ರತ್ಯೇಕವಾಗಿ ಎಣಿಸಲು ಆರಂಭಿಸಿದ್ದು 2015ರಲ್ಲಿ. ಅಂಕಿಯೇ ಇಲ್ಲ ಎಂಬ ಸಂಗತಿಯೇ ಒಂದು ಸುದ್ದಿ. ಅದನ್ನು ನಿಮಗೆ ಹೇಳಬಲ್ಲವರು ಅಪರಾಧ ಅಂಕಿಅಂಶಗಳ ಜೊತೆ ದಿನವೂ ಕೆಲಸ ಮಾಡುವವರು ಮತ್ತು ಆ ಎಣಿಕೆಗಾಗಿ ಒತ್ತಾಯಿಸುತ್ತಿದ್ದ ಸಮುದಾಯದ ವಕೀಲರು. ಒಂದು ದಾಳಿ, ಮೂರು ಪ್ರಶ್ನೆ, ಮೂರು ಬೇರೆ ಬಗೆಯ ಬಲ್ಲವರು.

ಇನ್ನು ಹೆಸರುಗಳು ಸಿಗುವ ಜಾಗ. ಧರ್ಮದ ಬಗ್ಗೆ ಬರೆಯುವ ವರದಿಗಾರರ ಸಂಘವೊಂದು ಅಮೆರಿಕದಲ್ಲಿ 1949ರಿಂದ ಇದೆ. ಆ ಸಂಘದ ಆಶ್ರಯದಲ್ಲಿ ನಡೆಯುವ ರಿಲಿಜನ್‌ಲಿಂಕ್ ಎಂಬ ಸೇವೆ ವಿಷಯವಾರು ಹಿನ್ನೆಲೆ ಟಿಪ್ಪಣಿಯನ್ನೂ ಮಾತನಾಡಿಸಬಹುದಾದವರ ಪಟ್ಟಿಯನ್ನೂ ಕೊಡುತ್ತದೆ. 1909ರಲ್ಲಿ ಶುರುವಾದ ಅಮೆರಿಕನ್ ಅಕಾಡೆಮಿ ಆಫ್ ರಿಲಿಜನ್ ಧಾರ್ಮಿಕ ಅಧ್ಯಯನದ ವಿದ್ವಾಂಸರ ದೊಡ್ಡ ಒಕ್ಕೂಟ. ಅದರ ವಾರ್ಷಿಕ ಸಮ್ಮೇಳನದ ಕಾರ್ಯಕ್ರಮ ಪಟ್ಟಿಯನ್ನು ಓದಿದರೆ ಯಾವ ಸಣ್ಣ ವಿಷಯದ ಮೇಲೆ ಈಗ ಯಾರು ಕೆಲಸ ಮಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ಆದರೂ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿರುವುದು ವಿದ್ವತ್ ಪುಸ್ತಕಗಳ ಕೃತಜ್ಞತೆಯ ಪುಟ. ಓದುಗರು ಸಾಮಾನ್ಯವಾಗಿ ಬಿಟ್ಟುಬಿಡುವ ಆ ಎರಡು ಮೂರು ಪುಟಗಳಲ್ಲಿ ಲೇಖಕರು ಯಾರ ನಡುವೆ ಎಷ್ಟು ಕಾಲ ಇದ್ದರು, ಯಾವ ಭಾಷೆ ಕಲಿಯಲು ಯಾರು ನೆರವಾದರು, ಯಾವ ಪತ್ರಾಗಾರದಲ್ಲಿ ಕುಳಿತಿದ್ದರು, ಸಂಶೋಧನೆಗೆ ಹಣ ಕೊಟ್ಟವರು ಯಾರು, ಹಸ್ತಪ್ರತಿಯನ್ನು ಓದಿ ತಿದ್ದಿದವರು ಯಾರು ಎಂಬುದೆಲ್ಲ ಇರುತ್ತದೆ. ಒಂದು ಪುಟದಲ್ಲಿ ಆರೇಳು ಹೊಸ ಹೆಸರುಗಳು ಸಿಕ್ಕ ದಿನಗಳಿವೆ. ಅದೇ ಪುಸ್ತಕಕ್ಕೆ ವಿದ್ವತ್ ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳನ್ನೂ ಹುಡುಕಿ. ಲೇಖಕರನ್ನು ಖಂಡಿಸಿ ಬರೆದ ವಿಮರ್ಶಕರು ನೀವು ಮಾತನಾಡಿಸಬೇಕಾದ ಎರಡನೆಯ ವ್ಯಕ್ತಿ.

ಕೊನೆಯದಾಗಿ, ಯಾರೊಡನೆ ಮಾತನಾಡಿದರೂ ಫೋನ್ ಇಡುವ ಮೊದಲು ಒಂದು ಪ್ರಶ್ನೆ ಕೇಳಿ: “ನಿಮ್ಮ ಅಭಿಪ್ರಾಯವನ್ನು ಒಪ್ಪದ, ಆದರೆ ನೀವು ಗೌರವಿಸುವ ವಿದ್ವಾಂಸರು ಯಾರಿದ್ದಾರೆ?” ನಿಜವಾದ ವಿದ್ವಾಂಸರು ತಡವರಿಸದೆ ಒಂದೆರಡು ಹೆಸರು ಹೇಳುತ್ತಾರೆ. ಅಂಥವರು ಯಾರೂ ಇಲ್ಲ ಎಂದು ಉತ್ತರ ಬಂದರೆ ಅವರು ಅದುವರೆಗೆ ಹೇಳಿದ್ದನ್ನೆಲ್ಲ ಇನ್ನೊಮ್ಮೆ ಪರಿಶೀಲಿಸಿ.

ಪ್ರಶ್ನೆ: ಹದಿನೈದು ವರ್ಷಗಳಿಂದ ವರದಿಗಾರನಾಗಿದ್ದೇನೆ. ಒಂದು ಧರ್ಮದ ಬಗ್ಗೆ ಬರೆಯುವಾಗ ಆ ಧರ್ಮದ ಗುರುಗಳನ್ನೇ ಕೇಳುವುದು ಸರಿಯೆಂದು ನಾನು ತಿಳಿದಿದ್ದೆ. ನಮ್ಮ ಹೊಸ ಸಂಪಾದಕರು ಪ್ರತಿ ಸಲವೂ ಪ್ರಾಧ್ಯಾಪಕರೊಬ್ಬರ ಹೇಳಿಕೆ ಬೇಕೆನ್ನುತ್ತಾರೆ. ಆಚರಿಸುವವರಿಗಿಂತ ಓದಿದವರು ಹೆಚ್ಚು ಬಲ್ಲವರೇ?

ಉತ್ತರ: ಹೆಚ್ಚು ಕಡಿಮೆಯ ಮಾತಲ್ಲ, ಅವರಿಬ್ಬರೂ ಬಲ್ಲದ್ದೇ ಬೇರೆ. ಗುರುಗಳು ತಮ್ಮ ಪರಂಪರೆಯಲ್ಲಿ ಏನನ್ನು ನಂಬಬೇಕು, ಹೇಗೆ ನಡೆಯಬೇಕು ಎಂಬುದನ್ನು ಅಧಿಕಾರಯುತವಾಗಿ ಹೇಳಬಲ್ಲರು. ಆ ಪರಂಪರೆಯವರು ಬೇರೆಬೇರೆ ಕಾಲದಲ್ಲಿ ನಿಜವಾಗಿ ಏನನ್ನು ನಂಬಿದರು, ಹೇಗೆ ನಡೆದುಕೊಂಡರು, ಎಲ್ಲಿ ಒಡೆದರು, ಎಲ್ಲಿ ಕೂಡಿದರು ಎಂಬುದು ವಿದ್ವಾಂಸರ ಕ್ಷೇತ್ರ. ಇವರಿಬ್ಬರ ಹೊರತಾಗಿ ಮೂರನೆಯವರೊಬ್ಬರು ಇದ್ದಾರೆ, ವರದಿಗಳಲ್ಲಿ ಹೆಚ್ಚಾಗಿ ಕಾಣೆಯಾಗುವವರು ಅವರೇ: ಹಿಂದಿನ ಸಾಲಿನಲ್ಲಿ ಕೂತು ಪ್ರಾರ್ಥನೆ ಮುಗಿಸಿ ಮನೆಗೆ ಹೋಗುವ ಸಾಮಾನ್ಯ ಅನುಯಾಯಿ.

ಇದನ್ನು ನಾನು ತಪ್ಪು ಮಾಡಿ ಕಲಿತೆ. ವೃತ್ತಿಯ ಆರಂಭದಲ್ಲಿ ಒಂದು ಸಣ್ಣ ಪಂಗಡದ ವಿವಾಹ ನಿಯಮಗಳ ಬಗ್ಗೆ ವರದಿ ಬರೆದಾಗ ಆ ಪಂಗಡದ ಮುಖಂಡರೊಬ್ಬರನ್ನು ಮಾತ್ರ ಮಾತನಾಡಿಸಿ, ‘ಸಮುದಾಯದ ಅಭಿಪ್ರಾಯವಿದು’ ಎಂದು ಬರೆದಿದ್ದೆ. ಮರುದಿನ ಬೆಳಿಗ್ಗೆ ಅದೇ ಪಂಗಡದ ಹೆಣ್ಣುಮಗಳೊಬ್ಬರು ಫೋನ್ ಮಾಡಿದರು. ಅವರು ಸಿಟ್ಟಾಗಿರಲಿಲ್ಲ. “ನಮ್ಮಲ್ಲಿ ಅರ್ಧದಷ್ಟು ಜನ ಹೆಂಗಸರಿದ್ದೇವೆ, ಆ ನಿಯಮ ಅನ್ವಯವಾಗುವುದು ನಮಗೆ, ನಮ್ಮಲ್ಲಿ ಒಬ್ಬರನ್ನಾದರೂ ಕೇಳಬೇಕೆಂದು ನಿಮಗೆ ಅನ್ನಿಸಲಿಲ್ಲವೇ?” ಎಂದರು. ಉತ್ತರಿಸಲು ನನ್ನ ಬಳಿ ಏನೂ ಇರಲಿಲ್ಲ. ಅಂದಿನಿಂದ ‘ಸಮುದಾಯ ಹೇಳುತ್ತದೆ’ ಎಂಬ ವಾಕ್ಯವನ್ನು ಬರೆದಿಲ್ಲ. ಯಾರು ಹೇಳಿದರೋ ಅವರ ಹೆಸರನ್ನು, ಅವರು ಯಾವ ಸ್ಥಾನದಲ್ಲಿದ್ದಾರೆಂಬುದನ್ನು ಬರೆಯುತ್ತೇನೆ.

ಧರ್ಮಗಳ ರಚನೆ ಒಂದೇ ಬಗೆಯದಲ್ಲ ಎಂಬುದನ್ನೂ ನೆನಪಿಡಬೇಕು. ಕ್ಯಾಥೊಲಿಕ್ ಚರ್ಚಿನಲ್ಲಿ ಪೋಪ್‌ ಅವರಿಂದ ಹಿಡಿದು ಬಿಷಪ್‌ಗಳವರೆಗೆ ಶ್ರೇಣಿಯಿದೆ, ಆದ್ದರಿಂದ ‘ಅಧಿಕೃತ ನಿಲುವು’ ಎಂಬ ಮಾತಿಗೆ ಅಲ್ಲಿ ಅರ್ಥವಿದೆ. ಸುನ್ನಿ ಇಸ್ಲಾಮಿನಲ್ಲಿ ಎಲ್ಲರ ಪರವಾಗಿ ಮಾತನಾಡುವ ಒಬ್ಬ ಮುಖ್ಯಸ್ಥರಿಲ್ಲ. ಕ್ರೈಸ್ತರ ಇನ್ನೊಂದು ಪಂಗಡವಾದ ಬ್ಯಾಪ್ಟಿಸ್ಟರಲ್ಲಿ ಪ್ರತಿ ಚರ್ಚೂ ತನ್ನ ಮಟ್ಟಿಗೆ ಸ್ವತಂತ್ರ. ಅಧಿಕೃತ ವಕ್ತಾರರೇ ಇಲ್ಲದ ಕಡೆ ವಕ್ತಾರರೊಬ್ಬರನ್ನು ಹುಡುಕಿ ತಂದರೆ, ಇಲ್ಲದ ಅಧಿಕಾರವನ್ನು ನಾವೇ ಅವರಿಗೆ ಕೊಟ್ಟಂತಾಗುತ್ತದೆ.

ನಿಮ್ಮ ಸಂಪಾದಕರ ಒತ್ತಾಯದ ಹಿಂದೆಯೂ ಕಾರಣವಿದೆ. 1993ರ ಫೆಬ್ರುವರಿ 28ರಂದು ಅಮೆರಿಕದ ಟೆಕ್ಸಸ್‌ನ ವೇಕೋ ಬಳಿ ಬ್ರಾಂಚ್ ಡೇವಿಡಿಯನ್ ಎಂಬ ಪಂಗಡದ ನೆಲೆಯ ಮೇಲೆ ಸರ್ಕಾರಿ ದಳ ದಾಳಿ ಮಾಡಿತು. ಗುಂಡಿನ ಚಕಮಕಿಯಲ್ಲಿ ಎರಡೂ ಕಡೆ ಸಾವು ಸಂಭವಿಸಿ, ನಂತರ 51 ದಿನ ಮುತ್ತಿಗೆ ನಡೆಯಿತು. ಅವರ ನಾಯಕ ಡೇವಿಡ್ ಕೊರೆಶ್ ಸಂಧಾನಕಾರರೊಡನೆ ಗಂಟೆಗಟ್ಟಲೆ ಬೈಬಲಿನ ‘ಪ್ರಕಟನೆ’ ಗ್ರಂಥದಲ್ಲಿ ಲೋಕಾಂತ್ಯದ ಸೂಚನೆಯಾಗಿ ಬರುವ ಏಳು ಮುದ್ರೆಗಳ ಬಗ್ಗೆ ಮಾತನಾಡುತ್ತಿದ್ದ. ಅಧಿಕಾರಿಗಳಿಗೆ ಅದು ಕಾಲಹರಣವಾಗಿ ಕಂಡಿತು. ಜೇಮ್ಸ್ ಟೇಬರ್ ಮತ್ತು ಫಿಲಿಪ್ ಆರ್ನಾಲ್ಡ್ ಎಂಬ ಇಬ್ಬರು ಬೈಬಲ್ ವಿದ್ವಾಂಸರಿಗೆ ಮಾತ್ರ ಅದು ಅರ್ಥವಾಗುವ ಭಾಷೆಯಾಗಿತ್ತು. ಅವರು ರೇಡಿಯೊ ಕಾರ್ಯಕ್ರಮವೊಂದರ ಮೂಲಕ ಆ ಭಾಷೆಯಲ್ಲೇ ಅವನೊಡನೆ ವಾದಿಸಿದರು. ಏಪ್ರಿಲ್ ಮಧ್ಯದಲ್ಲಿ, ಏಳು ಮುದ್ರೆಗಳ ವ್ಯಾಖ್ಯಾನ ಬರೆದು ಮುಗಿಸಿದ ಮೇಲೆ ಹೊರಬರುತ್ತೇನೆಂದು ಅವನು ಪತ್ರ ಕೊಟ್ಟ. ಅಧಿಕಾರಿಗಳು ನಂಬಲಿಲ್ಲ. ಏಪ್ರಿಲ್ 19ರಂದು ಅಶ್ರುವಾಯು ಪ್ರಯೋಗಿಸಿ ಮುನ್ನುಗ್ಗಿದಾಗ ಬೆಂಕಿ ಹೊತ್ತಿಕೊಂಡು ಮಕ್ಕಳೂ ಸೇರಿ 76 ಮಂದಿ ಸತ್ತರು. ಬದುಕಿ ಹೊರಬಂದ ಒಬ್ಬರ ಬಳಿ ಇದ್ದ ಡಿಸ್ಕ್‌ನಲ್ಲಿ ಮೊದಲ ಮುದ್ರೆಯ ವ್ಯಾಖ್ಯಾನ ನಿಜವಾಗಿಯೂ ಇತ್ತು. ಅವನು ಹೊರಬರುತ್ತಿದ್ದನೇ ಎಂಬ ಪ್ರಶ್ನೆಗೆ ಉತ್ತರ ಯಾರಿಗೂ ಸಿಗದು. ಸರ್ಕಾರವೇ ನಂತರ ಅಭಿಪ್ರಾಯ ಕೇಳಿದ ಸಮಾಜಶಾಸ್ತ್ರಜ್ಞೆ ನ್ಯಾನ್ಸಿ ಆಮರ್‌ಮನ್ ಅವರು, ಧರ್ಮವನ್ನು ಅಧ್ಯಯನ ಮಾಡಿದವರ ಸಲಹೆಯನ್ನು ಸರಿಯಾಗಿ ಪಡೆಯಲಿಲ್ಲ ಎಂದು ವರದಿ ಕೊಟ್ಟರು. ಇಂಥ ಕಡೆ ವಿದ್ವಾಂಸರ ಬದಲು ಪಂಗಡವನ್ನು ಬಿಟ್ಟುಬಂದವರನ್ನು ಕೇಳುವುದುಂಟು. ಅವರ ಮಾತಿಗೆ ಬೆಲೆಯಿದೆ, ಅವರು ಕಂಡದ್ದು ನಿಜ; ಆದರೆ ಒಳಗಿರುವವರು ಇನ್ನೂ ಏನನ್ನು ನಂಬುತ್ತಿದ್ದಾರೆ ಎಂಬುದನ್ನು ಅವರೊಬ್ಬರಿಂದಲೇ ತಿಳಿಯಲಾಗದು.

ಪ್ರಶ್ನೆ: ಜನಾಂಗದ ವಿಷಯ ಬಂದಾಗ ನಮ್ಮ ಡೆಸ್ಕ್‌ನಲ್ಲಿ ಗೊಂದಲವೇ ಗೊಂದಲ. ಒಬ್ಬ ತಜ್ಞರು ಜನಾಂಗ ಎಂಬುದೇ ಇಲ್ಲ ಎನ್ನುತ್ತಾರೆ, ಇನ್ನೊಬ್ಬರು ಜನಾಂಗವೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನುತ್ತಾರೆ. ಇಬ್ಬರೂ ದೊಡ್ಡ ಹೆಸರಿನವರು. ಯಾರ ಮಾತನ್ನು ಹಾಕಬೇಕು?

ಉತ್ತರ: ಬಹುಶಃ ಇಬ್ಬರೂ ಸರಿ, ಬೇರೆಬೇರೆ ಪ್ರಶ್ನೆಗೆ. ಮೊದಲನೆಯವರು ಜೀವಶಾಸ್ತ್ರದ ಬಗ್ಗೆ ಮಾತನಾಡುತ್ತಿದ್ದಾರೆ, ಎರಡನೆಯವರು ಸಮಾಜದ ಬಗ್ಗೆ. 1950ರಲ್ಲಿ ಯುನೆಸ್ಕೊ ಜನಾಂಗದ ಬಗ್ಗೆ ಹೇಳಿಕೆಯೊಂದನ್ನು ಹೊರಡಿಸಿ, ಜನಾಂಗವು ಜೈವಿಕ ವಾಸ್ತವಕ್ಕಿಂತ ಹೆಚ್ಚಾಗಿ ಸಾಮಾಜಿಕ ಮಿಥ್ಯೆ ಎಂಬ ನಿಲುವು ತಳೆಯಿತು. ಅದನ್ನು ಸಿದ್ಧಪಡಿಸಿದವರಲ್ಲಿ ಸಮಾಜಶಾಸ್ತ್ರಜ್ಞರು ಮತ್ತು ಮಾನವಶಾಸ್ತ್ರಜ್ಞರೇ ಹೆಚ್ಚಾಗಿದ್ದರು. ತಳಿವಿಜ್ಞಾನಿಗಳೂ ದೈಹಿಕ ಮಾನವಶಾಸ್ತ್ರಜ್ಞರೂ ತಕ್ಷಣ ಆಕ್ಷೇಪವೆತ್ತಿದರು, ಮರುವರ್ಷವೇ 1951ರಲ್ಲಿ ಎರಡನೆಯ ಹೇಳಿಕೆ ಹೊರಬಂತು. ಜಗತ್ತಿನ ಅತ್ಯುತ್ತಮ ವಿದ್ವಾಂಸರನ್ನು ಸೇರಿಸಿದ್ದ ಸಂಸ್ಥೆಗೂ ಒಂದೇ ಶಾಸ್ತ್ರದ ಕಡೆ ವಾಲಿದರೆ ಏನಾಗುತ್ತದೆ ಎಂಬುದು ಅಲ್ಲಿ ಕಂಡಿತು. ಅಮೆರಿಕದ ಮಾನವಶಾಸ್ತ್ರ ಸಂಘ 1998ರಲ್ಲಿ ಹೊರಡಿಸಿದ ಹೇಳಿಕೆ, ಮನುಷ್ಯರ ದೈಹಿಕ ವ್ಯತ್ಯಾಸಗಳಲ್ಲಿ ಹೆಚ್ಚಿನವು ಒಂದೊಂದು ‘ಜನಾಂಗ’ದ ಒಳಗೇ ಇವೆ ಎಂದು ವಿವರಿಸುತ್ತದೆ, ಅದೇ ಹೊತ್ತಿಗೆ ಜನಾಂಗದ ಹೆಸರಿನಲ್ಲಿ ಕಟ್ಟಿದ ಅಸಮಾನತೆ ನಿಜವಾದದ್ದು ಎಂಬುದನ್ನೂ ಹೇಳುತ್ತದೆ. ಆದ್ದರಿಂದ ರೋಗವೊಂದರ ಬಗ್ಗೆ ಬರೆಯುವಾಗ ತಳಿವಿಜ್ಞಾನಿಯನ್ನು, ಮನೆ ಬಾಡಿಗೆಗೆ ಸಿಗದಿರುವ ಬಗ್ಗೆ ಬರೆಯುವಾಗ ವಸತಿ ತಾರತಮ್ಯವನ್ನು ಅಧ್ಯಯನ ಮಾಡಿದವರನ್ನು ಕೇಳಿ. ‘ಜನಾಂಗ ತಜ್ಞ’ ಎಂಬ ಹಣೆಪಟ್ಟಿ ಕಟ್ಟಿ ಒಬ್ಬರಿಂದಲೇ ಎರಡನ್ನೂ ಹೇಳಿಸಬೇಡಿ.

ಕನ್ನಡದಲ್ಲಿ ಬರೆಯುವ ನಮಗೆ ಇನ್ನೊಂದು ತೊಡಕಿದೆ. ‘ಜನಾಂಗ’ ಎಂಬ ಪದವನ್ನು ನಾವು ಜಾತಿಗೂ ಸಮುದಾಯಕ್ಕೂ ಭಾಷಿಕ ಗುಂಪಿಗೂ ಬಳಸುತ್ತೇವೆ. ಬೇರೆ ದೇಶದ ಸುದ್ದಿಯನ್ನು ಬರೆಯುವಾಗ ಆ ದೇಶದಲ್ಲಿ ಯಾವ ಗುಂಪನ್ನು ಯಾವ ಆಧಾರದ ಮೇಲೆ ಬೇರ್ಪಡಿಸಿದ್ದಾರೆ ಎಂಬುದನ್ನು ತಜ್ಞರನ್ನೇ ಕೇಳಿ, ಒಂದು ವಾಕ್ಯದಲ್ಲಿ ಬಿಡಿಸಿ ಹೇಳುವುದು ಒಳ್ಳೆಯದು.

ಜನಾಂಗ, ಧರ್ಮ, ರಾಜಕೀಯ ಮೂರೂ ಒಂದೇ ಕಡೆ ಸೇರಿದಾಗ ಮೊದಲು ಇತಿಹಾಸಕಾರರನ್ನು ಹುಡುಕಿ ಎಂಬುದು ನನ್ನ ಸಲಹೆ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಸಂಘಟನೆ 1845ರಲ್ಲಿ ಪ್ರತ್ಯೇಕವಾದದ್ದು ಗುಲಾಮಗಿರಿಯ ಪ್ರಶ್ನೆಯ ಮೇಲೆ. ಅದಕ್ಕಾಗಿ ಅದು ಕ್ಷಮೆ ಕೇಳಿದ್ದು 150 ವರ್ಷಗಳ ನಂತರ, 1995ರಲ್ಲಿ. ಆ ಸಂಘಟನೆಯ ಇಂದಿನ ರಾಜಕೀಯ ನಿಲುವಿನ ಬಗ್ಗೆ ಬರೆಯುವವರು ಈ ಎರಡು ಇಸವಿಗಳನ್ನು ತಿಳಿಯದಿದ್ದರೆ ಓದುಗರಿಗೆ ಅರ್ಧವೇ ಸಿಗುತ್ತದೆ. 2015ರ ಜೂನ್ 17ರಂದು ದಕ್ಷಿಣ ಕ್ಯಾರೊಲೈನಾದ ಚಾರ್ಲ್‌ಸ್ಟನ್‌ನಲ್ಲಿ, ಕಪ್ಪು ಜನರ ಹಳೆಯ ಚರ್ಚಾದ ಇಮ್ಯಾನ್ಯುಯೆಲ್ ಎಎಂಇ (ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್) ಚರ್ಚಿನಲ್ಲಿ, ಬೈಬಲ್ ಪಾಠಕ್ಕೆ ಕುಳಿತಿದ್ದ ಒಂಬತ್ತು ಮಂದಿಯನ್ನು ಒಬ್ಬ ಬಿಳಿಯ ಯುವಕ ಕೊಂದ. ಆ ಚರ್ಚಿನ ಸ್ಥಾಪನೆಯೊಡನೆ ಹೆಸರು ಸೇರಿಕೊಂಡಿರುವ ಡೆನ್ಮಾರ್ಕ್ ವೆಸಿ ಎಂಬ ಕಪ್ಪು ನಾಯಕನನ್ನು 1822ರಲ್ಲಿ ಗುಲಾಮರ ದಂಗೆ ಯೋಜಿಸಿದ ಆರೋಪದ ಮೇಲೆ ಗಲ್ಲಿಗೇರಿಸಲಾಗಿತ್ತು, ಚರ್ಚಿನ ಕಟ್ಟಡವನ್ನೂ ಆಗ ನಾಶ ಮಾಡಲಾಗಿತ್ತು. ಇದನ್ನು ಬಲ್ಲ ಇತಿಹಾಸಕಾರರು ಆ ವಾರವೇ ಸೇರಿ ‘ಚಾರ್ಲ್‌ಸ್ಟನ್ ಸಿಲಬಸ್’ ಎಂಬ ಓದುಪಟ್ಟಿಯನ್ನು ಸಾರ್ವಜನಿಕರಿಗಾಗಿ ಸಿದ್ಧಪಡಿಸಿದರು. ಇಂಥ ಪಟ್ಟಿಗಳು ವರದಿಗಾರರಿಗೆ ದೊಡ್ಡ ಕೊಡುಗೆ: ಪಟ್ಟಿಯಲ್ಲಿರುವ ಪ್ರತಿ ಪುಸ್ತಕದ ಹಿಂದೆ ಫೋನ್ ಮಾಡಬಹುದಾದ ಒಬ್ಬರಿರುತ್ತಾರೆ.

ಪ್ರಶ್ನೆ: ಚುನಾವಣೆಯ ಸಮಯದಲ್ಲಿ ‘ಇಂಥ ಧರ್ಮದವರಲ್ಲಿ ಶೇಕಡಾ ಇಷ್ಟು ಮಂದಿ ಇಂಥ ಪಕ್ಷಕ್ಕೆ ಮತ ಹಾಕಿದರು’ ಎಂಬ ಅಂಕಿಗಳನ್ನು ಎಲ್ಲ ಪತ್ರಿಕೆಗಳೂ ಪ್ರಕಟಿಸುತ್ತವೆ. ಅಂಕಿ ಇದ್ದ ಮೇಲೆ ತಜ್ಞರನ್ನು ಕೇಳುವ ಅಗತ್ಯವಿದೆಯೇ?

ಉತ್ತರ: ಅಂಕಿ ಇದ್ದಾಗಲೇ ಅಗತ್ಯ ಹೆಚ್ಚು. 2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ನಂತರ ಅತಿ ಹೆಚ್ಚು ಓಡಾಡಿದ ಅಂಕಿ 81: ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ (ಬೈಬಲಿನ ಅಧಿಕಾರಕ್ಕೂ ವೈಯಕ್ತಿಕ ಮನಪರಿವರ್ತನೆಗೂ ಒತ್ತು ಕೊಡುವ ಪ್ರಾಟೆಸ್ಟಂಟರು) ಶೇ 81ರಷ್ಟು ಮಂದಿ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಅವರಿಗೆ ಮತ ಹಾಕಿದರು ಎಂಬುದು. ಅದು ಮತಗಟ್ಟೆ ಸಮೀಕ್ಷೆಯ ಅಂಕಿ. ಮತದಾನದ ದಾಖಲೆಗಳೊಡನೆ ತಾಳೆ ನೋಡಿ ಪ್ಯೂ ಸಂಶೋಧನಾ ಕೇಂದ್ರ ನಂತರ ಕೊಟ್ಟ ಅಂದಾಜು ಶೇ 77. ಎರಡೂ ದೊಡ್ಡ ಬಹುಮತವೇ, ಆದರೆ ವ್ಯತ್ಯಾಸ ಏಕೆ ಬಂತೆಂದು ಕೇಳಿದರೆ ಸಮೀಕ್ಷೆ ಹೇಗೆ ನಡೆಯುತ್ತದೆ ಎಂಬ ಪಾಠವೇ ಸಿಗುತ್ತದೆ.

ಅದಕ್ಕಿಂತ ಗಮನಿಸಬೇಕಾದ ಪದ ‘ಬಿಳಿಯ’. ಎಷ್ಟೋ ಶೀರ್ಷಿಕೆಗಳಲ್ಲಿ ಆ ಪದ ಬಿದ್ದುಹೋಗಿ ‘ಇವ್ಯಾಂಜೆಲಿಕಲರು’ ಎಂದಷ್ಟೇ ಉಳಿಯಿತು. ನಂಬಿಕೆಯಲ್ಲಿ ಅವರಿಗೆ ಬಹಳ ಹತ್ತಿರವಿರುವ ಕಪ್ಪು ಪ್ರಾಟೆಸ್ಟಂಟರನ್ನು ಸಮೀಕ್ಷಕರು ಬೇರೆ ಗುಂಪಾಗಿ ಎಣಿಸುತ್ತಾರೆ, ಮತ್ತು ಅವರಲ್ಲಿ ಬಹುಪಾಲು ಜನ ಡೆಮಾಕ್ರಟಿಕ್ ಪಕ್ಷಕ್ಕೆ ಮತ ಹಾಕುತ್ತಾರೆ. ಬೈಬಲನ್ನು ಒಂದೇ ಬಗೆಯಲ್ಲಿ ಓದುವ ಎರಡು ಗುಂಪುಗಳು ಎರಡು ಪಕ್ಷಗಳ ಕಡೆ ಹೋಗುತ್ತವೆ ಎಂದರೆ ಮತವನ್ನು ನಿರ್ಧರಿಸಿದ್ದು ಧರ್ಮವೋ ಜನಾಂಗದ ಅನುಭವವೋ ಎಂಬ ಪ್ರಶ್ನೆ ಏಳಬೇಕು. ಒಂದು ಪದ ಕೈಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

ಸಮೀಕ್ಷಾ ತಜ್ಞರಿಗೆ ಫೋನ್ ಮಾಡಿದಾಗ, ಪ್ರಶ್ನೆಯನ್ನು ಯಾವ ಪದಗಳಲ್ಲಿ ಕೇಳಿದರು, ಜನ ತಮ್ಮನ್ನು ತಾವು ಹೀಗೆ ಕರೆದುಕೊಂಡರೋ ಅಥವಾ ಚರ್ಚಿನ ಸದಸ್ಯತ್ವದಿಂದ ವಿಂಗಡಿಸಿದರೋ, ಶೇಕಡಾವಾರು ಲೆಕ್ಕ ಮತ ಹಾಕಿದವರದೋ ಎಲ್ಲ ವಯಸ್ಕರದೋ ಎಂಬುದನ್ನು ತಪ್ಪದೆ ಕೇಳಿ. ಜನರು ಹೇಳುವುದಕ್ಕೂ ಮಾಡುವುದಕ್ಕೂ ಅಂತರವಿದೆ ಎಂಬುದನ್ನೂ ಮರೆಯುವಂತಿಲ್ಲ. 1993ರಲ್ಲಿ ಮೂವರು ಸಮಾಜಶಾಸ್ತ್ರಜ್ಞರು ಚರ್ಚುಗಳಲ್ಲಿ ನಿಜವಾಗಿ ಹಾಜರಿದ್ದವರನ್ನು ಎಣಿಸಿ ನೋಡಿದಾಗ, ಆ ಸಂಖ್ಯೆ ಸಮೀಕ್ಷೆಯಲ್ಲಿ ‘ಹೋಗುತ್ತೇವೆ’ ಎಂದವರ ಸುಮಾರು ಅರ್ಧದಷ್ಟಿತ್ತು.

ಸರ್ಕಾರದ ಅಂಕಿ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ. ಅಮೆರಿಕದ ಜನಗಣತಿ ಜನಾಂಗವನ್ನು ಕೇಳುತ್ತದೆ, ಧರ್ಮವನ್ನು ಕೇಳುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿ 2001ರಿಂದ ಧರ್ಮವನ್ನು ಕೇಳುತ್ತಿದೆ, ಉತ್ತರಿಸುವುದು ಬಿಡುವುದು ಜನರ ಇಚ್ಛೆ. ಫ್ರಾನ್ಸ್‌ನಲ್ಲಿ 1978ರ ಕಾನೂನು ಇಂಥ ಮಾಹಿತಿ ಸಂಗ್ರಹದ ಮೇಲೆ ಬಿಗಿಯಾದ ನಿರ್ಬಂಧ ಹೇರಿದೆ. ಆದ್ದರಿಂದ ಅಲ್ಲಿನ ಮುಸ್ಲಿಮರ ಸಂಖ್ಯೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ, ಅದು ಅಂದಾಜು ಎಂಬುದನ್ನು ನೀವು ಬರೆಯಲೇಬೇಕು.

ಪ್ರಶ್ನೆ: ಯಾವ ವಿಷಯವಿರಲಿ, ಟಿವಿ ಚರ್ಚೆಯಲ್ಲಿ ಅವೇ ನಾಲ್ಕೈದು ಮುಖಗಳು. ಅವರು ಎಲ್ಲವನ್ನೂ ಬಲ್ಲವರೇ? ಅವರ ಹಿಂದೆ ಯಾರಿದ್ದಾರೆ ಎಂದು ವೀಕ್ಷಕರು ತಿಳಿಯುವುದು ಹೇಗೆ?

ಉತ್ತರ: ಅವರು ಫೋನ್ ಎತ್ತುತ್ತಾರೆ, ಸಮಯಕ್ಕೆ ಸರಿಯಾಗಿ ಬರುತ್ತಾರೆ, ಅರ್ಧ ನಿಮಿಷದಲ್ಲಿ ಬೈಟ್ (ಚುಟುಕು ಹೇಳಿಕೆ) ಕೊಡುತ್ತಾರೆ. ಕಾರಣ ಇಷ್ಟೇ. ಒಳ್ಳೆಯ ವಿದ್ವಾಂಸರು ‘ಅದು ಸಂದರ್ಭವನ್ನು ಅವಲಂಬಿಸಿದೆ’ ಎಂದು ಶುರು ಮಾಡುವುದರಿಂದ ಅವರನ್ನು ಎರಡನೆಯ ಸಲ ಕರೆಯುವುದಿಲ್ಲ.

ನೀತಿಗಳ ಬಗ್ಗೆ ಅಧ್ಯಯನ ನಡೆಸಿ ಸಲಹೆ ಕೊಡುವ ಚಿಂತನ ಸಂಸ್ಥೆಗಳ (ಥಿಂಕ್ ಟ್ಯಾಂಕ್) ಹೆಸರಿನಲ್ಲಿ ಮಾತನಾಡುವವರಿದ್ದರೆ ಆ ಸಂಸ್ಥೆಗೆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಇಂಥ ಸಂಸ್ಥೆಗಳು ಸಲ್ಲಿಸುವ ‘ಫಾರ್ಮ್ 990’ ಎಂಬ ವಾರ್ಷಿಕ ವಿವರ ಸಾರ್ವಜನಿಕ ದಾಖಲೆ. ಪದಾಧಿಕಾರಿಗಳು ಯಾರು, ಅವರ ಸಂಬಳ ಎಷ್ಟು, ಸಂಸ್ಥೆ ಯಾರಿಗೆ ಅನುದಾನ ಕೊಟ್ಟಿದೆ ಎಂಬುದು ಅದರಲ್ಲಿರುತ್ತದೆ. ದಾನಿಗಳ ಹೆಸರು ಹೆಚ್ಚಾಗಿ ಇರುವುದಿಲ್ಲ, ಅದನ್ನು ನೇರವಾಗಿ ಕೇಳಬೇಕು. ಹಣ ಪಡೆದವರ ಮಾತೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಓದುಗರಿಗೆ ಅದು ತಿಳಿದಿರಬೇಕು, ಅಷ್ಟೇ.

ಮುಖಗಳ ವಿಷಯದಲ್ಲಿ, ಎಣಿಸುವುದರಿಂದ ಆಗುವಷ್ಟು ಬದಲಾವಣೆ ಉಪದೇಶದಿಂದ ಆಗುವುದಿಲ್ಲ. 1967ರಲ್ಲಿ ಅಮೆರಿಕದ ನಗರಗಳಲ್ಲಿ ನಡೆದ ದಂಗೆಗಳ ಬಗ್ಗೆ ವಿಚಾರಣೆ ನಡೆಸಿದ ಕರ್ನರ್ ಆಯೋಗ, ಸುದ್ದಿ ಮಾಧ್ಯಮಗಳು ಬಿಳಿಯರ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತಿವೆ ಎಂದು 1968ರಷ್ಟು ಹಿಂದೆಯೇ ಬರೆದಿತ್ತು. ಅರ್ಧ ಶತಮಾನದ ನಂತರ, 2017ರಲ್ಲಿ, ಬಿಬಿಸಿಯ ರಾಸ್ ಆಟ್ಕಿನ್ಸ್ ತಮ್ಮ ಕಾರ್ಯಕ್ರಮಕ್ಕೆ ಬರುವ ಅತಿಥಿಗಳಲ್ಲಿ ಹೆಂಗಸರೆಷ್ಟು ಗಂಡಸರೆಷ್ಟು ಎಂದು ದಿನದ ಕೊನೆಗೆ ಎಣಿಸಲು ಶುರು ಮಾಡಿದರು. ಸುದ್ದಿಯ ಕೇಂದ್ರ ವ್ಯಕ್ತಿಗಳನ್ನು ಬಿಟ್ಟು, ತಾವು ಆಯ್ಕೆ ಮಾಡಬಹುದಾದವರನ್ನು ಮಾತ್ರ ಎಣಿಸುವುದು ಅದರ ನಿಯಮ. ಆ ಎಣಿಕೆ ‘50:50’ ಎಂಬ ಹೆಸರಿನಲ್ಲಿ ಸಂಸ್ಥೆಯ ನೂರಾರು ತಂಡಗಳಿಗೆ ಹಬ್ಬಿತು. ನಿಮ್ಮ ಮನೆಯ ಟಿವಿಯ ಮುಂದೆ ಕುಳಿತು ನೀವೂ ಒಂದು ವಾರ ಎಣಿಸಿ, ಆ ಲೆಕ್ಕವನ್ನು ವಾಹಿನಿಗೆ ಪತ್ರದಲ್ಲಿ ಬರೆದು ಕಳಿಸಬಹುದು.

ಪ್ರಶ್ನೆ: ನಾನು ವಿಶ್ವವಿದ್ಯಾಲಯದಲ್ಲಿ ಧಾರ್ಮಿಕ ಅಧ್ಯಯನ ಕಲಿಸುತ್ತೇನೆ. ವರದಿಗಾರರೊಬ್ಬರು ನಲವತ್ತು ನಿಮಿಷ ನನ್ನೊಡನೆ ಮಾತನಾಡಿ ಒಂದೇ ವಾಕ್ಯ ಹಾಕಿದರು. ಅದು ನಾನು ಇನ್ನೊಬ್ಬರ ವಾದವನ್ನು ವಿವರಿಸುವಾಗ ಹೇಳಿದ್ದು. ನನ್ನದೇ ಅಭಿಪ್ರಾಯವೆಂಬಂತೆ ಅಚ್ಚಾಯಿತು. ನಂತರ ಎರಡು ವಾರ ಬೆದರಿಕೆಯ ಸಂದೇಶಗಳು ಬಂದವು. ಇನ್ನು ಮುಂದೆ ಪತ್ರಕರ್ತರೊಡನೆ ಮಾತನಾಡಬಾರದೆಂದು ನಿರ್ಧರಿಸಿದ್ದೇನೆ. ತಪ್ಪೇ?

ಉತ್ತರ: ನಿಮ್ಮದು ತಪ್ಪಲ್ಲ. ನಿಮಗಾದ ನೋವಿಗೆ ಕಾರಣವಾದದ್ದು ನಮ್ಮ ವೃತ್ತಿಯ ಅಜಾಗರೂಕತೆ. ನಲವತ್ತು ನಿಮಿಷ ಕೇಳಿ ಒಂದು ವಾಕ್ಯ ಬಳಸುವುದು ಎಲ್ಲ ಕಡೆ ಇರುವ ರೂಢಿ, ಅದರಲ್ಲಿ ಮೋಸವಿಲ್ಲ. ಉಳಿದ ಮೂವತ್ತೊಂಬತ್ತು ನಿಮಿಷ ವರದಿಗಾರರ ತಿಳಿವಳಿಕೆಗೆ ಸೇರುತ್ತದೆ. ಆದರೆ ಆ ಒಂದು ವಾಕ್ಯ ಯಾರ ವಾದ ಎಂಬುದನ್ನು ಮರೆಮಾಚಿದ್ದು ಕ್ಷಮಿಸಲಾಗದ ತಪ್ಪು. ಆ ಪತ್ರಿಕೆಗೆ ತಿದ್ದುಪಡಿ ಕೋರಿ ಬರಹದಲ್ಲಿ ಕೇಳಿ, ಇನ್ನೂ ಕಾಲ ಮಿಂಚಿಲ್ಲ. ಅಂತರ್ಜಾಲದಲ್ಲಿರುವ ಪ್ರತಿಯನ್ನೂ ತಿದ್ದಲು ಹೇಳಿ, ಏಕೆಂದರೆ ಮುಂದೆ ನಿಮ್ಮ ಹೆಸರನ್ನು ಹುಡುಕುವ ಪ್ರತಿಯೊಬ್ಬರಿಗೂ ಸಿಗುವುದು ಅದೇ. ಬೆದರಿಕೆಯ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು ಪೊಲೀಸರಿಗೂ ನಿಮ್ಮ ವಿಶ್ವವಿದ್ಯಾಲಯಕ್ಕೂ ದೂರು ಕೊಡಿ.

ಮುಂದೆ ಎಂದಾದರೂ ಮಾತನಾಡಲು ಮನಸ್ಸಾದರೆ, ಮಾತು ಶುರುವಾಗುವ ಮೊದಲೇ ಕೆಲವು ಷರತ್ತುಗಳನ್ನು ಹೇಳುವ ಹಕ್ಕು ನಿಮಗಿದೆ. ಹೆಸರು ಹಾಕಬಹುದೇ ಅಥವಾ ಇದು ಹಿನ್ನೆಲೆಗೆ ಮಾತ್ರವೇ ಎಂಬುದು ಮೊದಲು ನಿರ್ಧಾರವಾಗಬೇಕು. ಹೇಳಿ ಮುಗಿಸಿದ ಮೇಲೆ ‘ಇದನ್ನು ಹಾಕಬೇಡಿ’ ಎಂದರೆ ಎಲ್ಲ ವರದಿಗಾರರೂ ಒಪ್ಪುವುದಿಲ್ಲ. ಇಡೀ ವರದಿಯನ್ನು ಮೊದಲೇ ತೋರಿಸಿ ಎಂದು ಕೇಳಿದರೆ ಹೆಚ್ಚಿನ ಪತ್ರಿಕೆಗಳು ನಿರಾಕರಿಸುತ್ತವೆ, ನಿರಾಕರಿಸುವುದು ಸರಿಯೂ ಹೌದು. ನಿಮ್ಮ ಹೆಸರಿನಲ್ಲಿ ಬರುವ ವಾಕ್ಯವನ್ನು ಫೋನ್‌ನಲ್ಲಿ ಓದಿಹೇಳಿ ಎಂದು ಕೇಳಬಹುದು. ಧರ್ಮದ ಬಗ್ಗೆ ಬರೆಯುವಾಗ ಯಾರೂ ಕೇಳದಿದ್ದರೂ ನಾನು ಓದಿಹೇಳುತ್ತೇನೆ, ಏಕೆಂದರೆ ಒಂದು ಪಾರಿಭಾಷಿಕ ಪದ ಜಾಗ ತಪ್ಪಿದರೂ ಅರ್ಥ ತಲೆಕೆಳಗಾಗುತ್ತದೆ. ಇನ್ನೊಬ್ಬರ ವಾದವನ್ನು ವ್ಯಾಖ್ಯಾನಿಸುವಾಗ ಪ್ರತಿ ವಾಕ್ಯದಲ್ಲೂ ‘ಅವರ ಪ್ರಕಾರ’ ಎಂದು ಸೇರಿಸಿ ಹೇಳಿ. ಬೇಸರದ ಕೆಲಸ, ಆದರೆ ಆ ವಾಕ್ಯವನ್ನು ಕತ್ತರಿಸಿ ತೆಗೆದಾಗಲೂ ಆ ಎರಡು ಪದಗಳು ಅದಕ್ಕೆ ಅಂಟಿಕೊಂಡಿರುತ್ತವೆ.

ನನ್ನ ಬಳಿ ರಟ್ಟಿನ ಹೊದಿಕೆಯ ಒಂದು ಹಳೆಯ ಪುಸ್ತಕವಿದೆ. ಅದರಲ್ಲಿ ವಿದ್ವಾಂಸರ ಹೆಸರು, ಅವರು ನಿಜವಾಗಿ ಕೆಲಸ ಮಾಡಿದ ಕಾಲಾವಧಿ ಮತ್ತು ಪ್ರದೇಶ, ಅವರು ಓದಬಲ್ಲ ಭಾಷೆಗಳು, ಕೊನೆಯ ಸಲ ಮಾತನಾಡಿದ ದಿನಾಂಕ ಇವೆಲ್ಲವನ್ನೂ ಬರೆದುಕೊಂಡಿದ್ದೇನೆ. ಒಂದು ಸಲ ನಾನು ಫೋನ್ ಮಾಡಿದಾಗ ಹಿರಿಯ ವಿದ್ವಾಂಸರೊಬ್ಬರು, “ನನ್ನ ಕೆಲಸ 1900ಕ್ಕೆ ನಿಲ್ಲುತ್ತದೆ, ನೀವು ಕೇಳುತ್ತಿರುವುದು ಈಗಿನದು, ನಾನು ಹೇಳಿದರೆ ಅದು ಪತ್ರಿಕೆ ಓದಿ ಹೇಳಿದಂತಾಗುತ್ತದೆ” ಎಂದು ಹೇಳಿ, ಬೇರೆ ಇಬ್ಬರ ಹೆಸರು ಕೊಟ್ಟು ಫೋನ್ ಇಟ್ಟರು. ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಹತ್ತೊಂಬತ್ತನೆಯ ಶತಮಾನದ ಯಾವುದೇ ಪ್ರಶ್ನೆ ಬಂದರೂ ಈಗ ಮೊದಲ ಫೋನ್ ಅವರಿಗೆ. ಅವರು ಕೊಟ್ಟ ಆ ಇಬ್ಬರಲ್ಲಿ ಒಬ್ಬರು ಪ್ರಾಧ್ಯಾಪಕರಾಗಿರಲಿಲ್ಲ, ಪಿಎಚ್‌.ಡಿ ಮುಗಿಸುವ ಹಂತದಲ್ಲಿದ್ದ ಸಂಶೋಧನಾ ವಿದ್ಯಾರ್ಥಿ. ಆ ವರದಿಯ ಅತ್ಯಂತ ಖಚಿತವಾದ ಮೂರು ವಾಕ್ಯಗಳು ಬಂದದ್ದು ಅವರಿಂದ. ನಿಮಗೆ ಮಾತನಾಡಲು ಮನಸ್ಸಿಲ್ಲದಿದ್ದರೂ, ಫೋನ್ ಮಾಡಿದ ವರದಿಗಾರರಿಗೆ ಸರಿಯಾದ ಎರಡು ಹೆಸರುಗಳನ್ನು ಕೊಡಿ ಎಂದು ಮಾತ್ರ ನಾನು ಕೇಳಿಕೊಳ್ಳುತ್ತೇನೆ.